ಬದಿಯಡ್ಕ ಸರ್ಕಲ್‌ನಲ್ಲಿ ಇಳಿದರೆ ಒಂದು ದಿನ ನೋಡಲಿಕ್ಕೆ ಏನುಂಟು?

ಉಪ್ಪಳದ ಸೊಸೆ
ಡಿಸೆಂಬರ್ ಕೊನೆಯಲ್ಲಿ ನನ್ನ ಗಂಡನ ಕಡೆಯವರು ಹೊಳಲ್ಕೆರೆಯಿಂದ ಬರುತ್ತಿದ್ದಾರೆ. ವಯಸ್ಸಾದವರು ಇಬ್ಬರು, ಶಾಲೆಗೆ ಹೋಗುವ ಮಕ್ಕಳು ಇಬ್ಬರು, ಉಳಿದವರು ನಮ್ಮ ಪ್ರಾಯದವರು. ಕಾಸರಗೋಡು ಅಂದ ಕೂಡಲೇ ಅವರಿಗೆ ಬೇಕಲ ಕೋಟೆ, ಆಮೇಲೆ ಸಮುದ್ರ, ಅಷ್ಟೇ ಗೊತ್ತು. ಅದು ಹೇಗೂ ಆಗುತ್ತದೆ. ನನಗೆ ಒಂದು ಪೂರ್ತಿ ದಿನ ಅವರನ್ನು ಒಳನಾಡಿಗೆ, ಬದಿಯಡ್ಕದ ಕಡೆಗೆ ಕರೆದುಕೊಂಡು ಹೋಗಬೇಕು ಅಂತ ಆಸೆ. ಗುಡ್ಡ, ಕಣಿವೆ, ತೋಟ, ಕನ್ನಡ ಮಾತಾಡುವ ಪೇಟೆ, ಇದೆಲ್ಲ ಅವರು ನೋಡಿಯೇ ಇಲ್ಲ. ಮನೆಯಲ್ಲಿ ಹೇಳಿದರೆ "ಅಲ್ಲಿ ಎಂತ ಉಂಟು, ಬಸ್ ಬದಲಿಸುವ ಜಾಗ" ಅನ್ನುತ್ತಾರೆ. ಆ ಭಾಗದವರು ಹೇಳಿ, ಒಂದು ದಿನಕ್ಕೆ ಏನೇನು ನೋಡಬಹುದು?

ಹೈವೇ ಸವಾರ
ನಿಮ್ಮ ಮನೆಯವರು ಹೇಳಿದ್ದು ಸರಿ. ನಾನು ಕೆಲಸದ ಮೇಲೆ ಆ ದಾರಿಯಲ್ಲಿ ಯಾವಾಗಲೂ ಓಡಾಡುತ್ತೇನೆ. ಸರ್ಕಲ್, ಬಸ್ ಸ್ಟ್ಯಾಂಡ್, ಎರಡು ಸಾಲು ಅಂಗಡಿ. ಚಹಾ ಕುಡಿದು ಮುಂದೆ ಹೋಗುವ ಊರು. ಅಷ್ಟು ದೂರದಿಂದ ಬಂದವರಿಗೆ ಸುಮ್ನೆ ಒಂದು ದಿನ ಹಾಳು ಮಾಡಬೇಡಿ. ಬೇಕಲದಲ್ಲೇ ಇನ್ನೊಂದು ದಿನ ಇರಿಸಿ.

ಪೆರಡಾಲದವ
ಸರ್ಕಲ್ ನೋಡಿ ಊರು ನೋಡಿದೆ ಅನ್ನುವವರೇ ಜಾಸ್ತಿ. ಬದಿಯಡ್ಕದ ವಿಷಯ ಇರುವುದೇ ಆ ನಾಲ್ಕು ರಸ್ತೆಗಳಲ್ಲಿ. ಪಶ್ಚಿಮಕ್ಕೆ ಹೋದರೆ ನೀರ್ಚಾಲು, ಸೀತಾಂಗೋಳಿ ದಾಟಿ ಕುಂಬಳೆ, ಅಲ್ಲಿ ಸಮುದ್ರ, ರೈಲು, ರಾಷ್ಟ್ರೀಯ ಹೆದ್ದಾರಿ 66. ಇನ್ನೊಂದು ರಸ್ತೆ ನೆಲ್ಲಿಕಟ್ಟೆ, ಎಡನೀರು ಮೂಲಕ ಚೆರ್ಕಳಕ್ಕೆ ಇಳಿಯುತ್ತದೆ. ಮೂರನೆಯದು ಮುಳ್ಳೇರಿಯಕ್ಕೆ. ಅಲ್ಲಿಂದ ಆದೂರು, ಜಾಲ್ಸೂರು, ಸುಳ್ಯ, ಮಡಿಕೇರಿ. ನಾಲ್ಕನೆಯದು ಉಕ್ಕಿನಡ್ಕ, ಪೆರ್ಲ, ಅಡ್ಕಸ್ಥಳ ದಾಟಿ ಕರ್ನಾಟಕಕ್ಕೆ ಹೊಕ್ಕು, ವಿಟ್ಲ ಮೂಲಕ ಕಲ್ಲಡ್ಕ. ಒಂದು ಕಡೆ ಘಟ್ಟ, ಒಂದು ಕಡೆ ಕಡಲು, ಒಂದು ಕಡೆ ರಾಜ್ಯದ ಗಡಿ. ಎಲ್ಲವೂ ಕೈಗೆ ಸಿಗುವ ದೂರದಲ್ಲಿ.

ಈ ರಸ್ತೆಗಳಲ್ಲಿ ಯಾವುದರಲ್ಲಿ ಹೋದರೂ ನೆಲದ ರೀತಿ ಒಂದೇ. ಮೇಲೆ ಬೋಳು ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗುಡ್ಡ, ಮಳೆಗಾಲದಲ್ಲಿ ಮಾತ್ರ ಹಸಿರು. ಕೆಳಗೆ ಇಳಿದರೆ ಕಣಿವೆ ತುಂಬ ಅಡಿಕೆ ತೋಟ, ನಡುವೆ ತೋಡು, ಅಂದರೆ ಸಣ್ಣ ಹಳ್ಳ. ಮೇಲಿಂದ ಕೆಳಗೆ ಐದು ನಿಮಿಷ ನಡೆದರೆ ಸೆಕೆ ಹೋಗಿ ತಂಪು. ಹೊಳಲ್ಕೆರೆಯಿಂದ ಬರುವವರಿಗೆ ಇದನ್ನು ನಡೆಸಿಯೇ ತೋರಿಸಿ. ಕಾರಿನ ಕಿಟಕಿಯಲ್ಲಿ ಇದು ಕಾಣುವುದಿಲ್ಲ.

ನೀರ್ಚಾಲಿನಿಂದ
ಇದನ್ನೇ ಬರೆಯಬೇಕು ಅಂತ ಬಂದೆ. ಇನ್ನು ಬರೆಯಲಿಕ್ಕೆ ಏನೂ ಉಳಿಸಲಿಲ್ಲ ಮಾರಾಯ್ರೇ.

ಬಸ್ ಕಿಟಕಿ
ರೈಲಲ್ಲಿ ಬಂದರೆ ಕುಂಬಳೆ ಹತ್ತಿರ. ಆದರೆ ಎಕ್ಸ್‌ಪ್ರೆಸ್ ಗಾಡಿಗಳು ಹೆಚ್ಚಾಗಿ ಕಾಸರಗೋಡಿನಲ್ಲಿ ನಿಲ್ಲುತ್ತವೆ. ಎರಡೂ ಕಡೆಯಿಂದ ಬದಿಯಡ್ಕಕ್ಕೆ ಬಸ್ ಉಂಟು. ಪುತ್ತೂರು ಕಡೆಯಿಂದ ಬರುವುದಾದರೆ ಪೆರ್ಲದ ಮೇಲಿನ ಕಾಸರಗೋಡು ಬಸ್ ಹತ್ತಿ, ಬದಿಯಡ್ಕದಲ್ಲೇ ಇಳಿಯಬಹುದು. ಬೋರ್ಡ್ ಮಲಯಾಳದಲ್ಲಿ ಮಾತ್ರ ಇದ್ದರೆ ಹೆದರಬೇಡಿ, ಕಂಡಕ್ಟರ್ ಹತ್ತಿರ ಕನ್ನಡದಲ್ಲೇ ಕೇಳಿ.

ಅಷ್ಟು ಜನ ಅಂದರೆ ಗಾಡಿ ಮಾಡಿಕೊಂಡೇ ಬರುತ್ತೀರಿ ಅನಿಸುತ್ತದೆ. ಕರ್ನಾಟಕದ ಹಳದಿ ಬೋರ್ಡ್ ಗಾಡಿ ಆದರೆ ಕೇರಳದ ಪರ್ಮಿಟ್ ಮತ್ತು ತೆರಿಗೆ ಕಟ್ಟಿದ್ದಾರಾ ಅಂತ ಹೊರಡುವ ಮೊದಲೇ ಕೇಳಿ. ಗಡಿಯಲ್ಲಿ ನಿಂತು ಚರ್ಚೆ ಮಾಡುವ ಹಾಗೆ ಆಗಬಾರದು.

ತೆಂಕುತಿಟ್ಟು ಪ್ರೇಮಿ
ಎಡನೀರು ಮಠವನ್ನು ಬಿಡಲೇಬೇಡಿ. ಭಾರತದ ಸಂವಿಧಾನದ ಬಗ್ಗೆ ಯಾರು ಓದಿದರೂ ಕೇಶವಾನಂದ ಭಾರತಿ ಅನ್ನುವ ಹೆಸರು ಬರುತ್ತದೆ. ಆ ಸ್ವಾಮಿಗಳು ಇದ್ದ ಮಠ ಇದು. ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1973ರ ಏಪ್ರಿಲ್ 24ಕ್ಕೆ ತೀರ್ಪು ಬಂತು. ದೆಹಲಿಯ ದೊಡ್ಡ ದೊಡ್ಡ ವಕೀಲರು ವಾದಿಸಿದ ಕೇಸಿನ ಬೇರು ಇಲ್ಲಿನ ಒಂದು ಸಣ್ಣ ಊರಲ್ಲಿ. ನಮ್ಮ ಮಕ್ಕಳಿಗೇ ಇದು ಗೊತ್ತಿಲ್ಲ, ನನಗೆ ತುಂಬಾ ಬೇಸರ ಆಗುತ್ತದೆ.

ಯಕ್ಷಗಾನದವರಿಗೆ ಅವರು ಬೇರೆಯೇ ರೀತಿ ಗೊತ್ತು. ಮಠದಲ್ಲಿ ಆಟ, ತಾಳಮದ್ದಳೆ ನಡೆಯುತ್ತಿದ್ದ ಕಾಲಕ್ಕೆ ಸ್ವತಃ ಭಾಗವತಿಕೆ ಮಾಡುತ್ತಿದ್ದರು. 2020ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಡಿಸೆಂಬರ್ ಅಂದರೆ ಆಟದ ಸೀಸನ್. ರಾತ್ರಿ ಎಲ್ಲಿ ಆಟ ಉಂಟು ಅಂತ ವಿಚಾರಿಸಿ. ಯಕ್ಷಗಾನ ಪ್ರಸಂಗ ಬರೆದ ಕುಂಬಳೆಯ ಪಾರ್ತಿಸುಬ್ಬನ ನಾಡಿಗೆ ಬಂದು ಆಟ ನೋಡದೆ ಹೋಗುವುದಾ?

ಲಾ ಕಾಲೇಜು
ಒಂದು ವಿಷಯ ಸೇರಿಸುತ್ತೇನೆ, ಯಾಕೆಂದರೆ ಎಲ್ಲರೂ "ಸ್ವಾಮಿಗಳು ಗೆದ್ದರು" ಅಂದುಕೊಂಡಿದ್ದಾರೆ. ಜಮೀನಿನ ವಿಷಯದಲ್ಲಿ ಮಠಕ್ಕೆ ಗೆಲುವು ಸಿಗಲಿಲ್ಲ. 13 ನ್ಯಾಯಾಧೀಶರ ಪೀಠ, 7ಕ್ಕೆ 6ರ ಬಹುಮತ. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಅಂತ ಕೋರ್ಟು ಹೇಳಿತು. ಉಳಿದದ್ದು ಆ ತತ್ತ್ವ. ಮಕ್ಕಳಿಗೆ ಹೇಳುವಾಗ ಹೀಗೆ ಸರಿಯಾಗಿ ಹೇಳಿ.

ಉಪ್ಪಳದ ಸೊಸೆ
ತುಂಬಾ ಒಳ್ಳೆಯದಾಯ್ತು. ಮಾವ ರಿಟೈರ್ಡ್ ಮೇಷ್ಟ್ರು, ಅವರಿಗೆ ಎಡನೀರು ಖಂಡಿತ ಇಷ್ಟ ಆಗುತ್ತದೆ. ಮಕ್ಕಳಿಗೆ ಏನಾದರೂ ಹೇಳಿ. ಮೊಸಳೆ ಇರುವ ದೇವಸ್ಥಾನ ಅದೇ ದಾರಿಯಲ್ಲಾ?

ನೀರ್ಚಾಲಿನಿಂದ
ಅನಂತಪುರ. ಹೌದು, ಕುಂಬಳೆ–ಬದಿಯಡ್ಕ ರಸ್ತೆಯಲ್ಲಿ ನಾಯ್ಕಾಪಿನಿಂದ ಒಳಗೆ ತಿರುಗಬೇಕು. ಮುರಕಲ್ಲಿನ ಬಯಲು, ಅದರ ನಡುವೆ ಕೆರೆ, ಕೆರೆಯ ನಡುವೆ ಗುಡಿ. ತಿರುವನಂತಪುರದ ಪದ್ಮನಾಭನಿಗೆ ಇದೇ ಮೂಲಸ್ಥಾನ ಅಂತ ನಂಬಿಕೆ. ನೈವೇದ್ಯದ ಅನ್ನ ತಿನ್ನುತ್ತಿದ್ದ ಬಬಿಯಾ ಮೊಸಳೆ 2022ರ ಅಕ್ಟೋಬರಿನಲ್ಲಿ ಸತ್ತಿತು. ಅವತ್ತು ಸೇರಿದ ಜನ ನೋಡಬೇಕಿತ್ತು. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಆದರೆ ಅದು ಕಂಡೇ ಕಾಣುತ್ತದೆ ಅಂತ ಮಕ್ಕಳಿಗೆ ಆಸೆ ಹುಟ್ಟಿಸಬೇಡಿ. ಮಧ್ಯಾಹ್ನ ಹೋಗಬೇಡಿ, ಆ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆಯಲಿಕ್ಕೆ ಆಗುವುದಿಲ್ಲ. ಬೆಳಿಗ್ಗೆ ಬೇಗ ಹೋಗಿ.

ಚಾಲಿ ಅಡಿಕೆ
ಹೊಳಲ್ಕೆರೆ ಅಂದಿರಲ್ಲ, ಅಲ್ಲಿಯೂ ಅಡಿಕೆಯವರೇ ಅಲ್ವಾ? ಹಾಗಾದರೆ ಎಲ್ಲಕ್ಕಿಂತ ಮೊದಲು ಒಂದು ತೋಟದ ಮನೆಯ ಅಂಗಳ ತೋರಿಸಿ. ಅವರ ಕಡೆ ಹಸಿ ಕಾಯಿ ಕೊಯ್ದು, ಸುಲಿದು, ಚೊಗರು (ಅಡಿಕೆ ಬೇಯಿಸಿದ ಕೆಂಪು ನೀರು) ಹಾಕಿ ಬೇಯಿಸಿ ಕೆಂಪಡಿಕೆ ಮಾಡುತ್ತಾರೆ. ನಮ್ಮಲ್ಲಿ ಹಾಗಲ್ಲ. ಹಣ್ಣಾಗುವ ತನಕ ಮರದಲ್ಲೇ ಬಿಡುತ್ತೇವೆ. ಕೊಯ್ದದ್ದನ್ನು ಸಿಪ್ಪೆ ಸಮೇತ ಅಂಗಳದಲ್ಲಿ ಹರಡಿ ಬಿಸಿಲಿಗೆ ಬಿಡುತ್ತೇವೆ. ಒಳ್ಳೆ ಬಿಸಿಲು ಇದ್ದರೂ 40–45 ದಿನ ಬೇಕು. ಸುಲಿದ ಮೇಲೆ ಬಿಳಿ ಚಾಲಿ.

ಡಿಸೆಂಬರಿನಲ್ಲಿ ಬಂದರೆ ಅಂಗಳ ಪೂರ್ತಿ ಕಿತ್ತಳೆ ಬಣ್ಣ. ಮೊದಲ ಕೊಯ್ಲಿನದು ಆಗಲೇ ಕಂದು ತಿರುಗಿ ಒಂದು ಮೂಲೆಯಲ್ಲಿ, ಹೊಸತು ಇನ್ನೊಂದು ಮೂಲೆಯಲ್ಲಿ. ಆಗಾಗ ಕಾಲಿನಲ್ಲಿ ಸರಿಸುತ್ತಾ ಮಗುಚಬೇಕು, ಇಲ್ಲದಿದ್ದರೆ ಅಡಿಭಾಗಕ್ಕೆ ಬೂಸ್ಟು ಹಿಡಿಯುತ್ತದೆ. ಒಣಗಿದ್ದು ಹೇಗೆ ಗೊತ್ತಾಗುತ್ತದೆ ಅಂದರೆ ಕೈಯಲ್ಲಿ ಹಿಡಿದು ಕಿವಿ ಹತ್ತಿರ ಅಲುಗಿಸಬೇಕು, ಒಳಗೆ ಗಲ್ ಗಲ್ ಅನ್ನಬೇಕು. ಆಮೇಲೆ ಸುಲಿದು ದರ್ಜೆ ಪ್ರಕಾರ ವಿಂಗಡಿಸುವುದು. ಒಳ್ಳೆಯದು ಒಂದು ಕಡೆ, ಪಟೋರ ಒಂದು ಕಡೆ, ಉಳ್ಳಿ ಒಂದು ಕಡೆ, ಕಪ್ಪಾದ ಕೋಕ ಇನ್ನೊಂದು ಕಡೆ. ಅಡಿಕೆ ಬೆಳೆದವರಿಗೆ ಇದನ್ನು ನೋಡಿದರೆ ಮಾತು ಮುಗಿಯುವುದಿಲ್ಲ. ರೇಟಿನ ವಿಷಯಕ್ಕೆ ಬಂದರೆ ರಾತ್ರಿ ಆಗುತ್ತದೆ.

ಮಳೆಗಾಲದ ಕಷ್ಟವನ್ನೂ ಕೇಳಿಸಿ. ಮಹಾಳಿ, ಅಂದರೆ ಕೊಳೆರೋಗ ಬಂತು ಅಂದರೆ ಎಳೆಕಾಯಿ ಉದುರಿ ಬುಡ ತುಂಬುತ್ತದೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಈ ಬೋರ್ಡೋ ದ್ರಾವಣ ಹೊಡೆಯಲಿಕ್ಕೆ ಎರಡು ದಿನ ಬಿಸಿಲು ಸಿಗಬೇಕು, ಮರ ಹತ್ತುವವರೂ ಸಿಗಬೇಕು. ಎರಡೂ ಒಟ್ಟಿಗೆ ಸಿಗುವುದು ಅಪರೂಪ.

ಹೈವೇ ಸವಾರ
ಎಲ್ಲ ಸರಿ. ಆದರೆ ನೀವು ಹೇಳಿದ್ದು ಎಡನೀರು, ಅನಂತಪುರ, ಯಾರದೋ ಮನೆಯ ಅಂಗಳ. ಇದರಲ್ಲಿ ಬದಿಯಡ್ಕ ಎಲ್ಲಿ ಬಂತು? ಪೇಟೆಯಲ್ಲಿ ನೋಡಲಿಕ್ಕೆ ಒಂದಾದರೂ ಹೇಳಿ.

ಪೆರಡಾಲದವ
ಹೇಳುತ್ತೇನೆ. ಬೆಳಿಗ್ಗೆ ಎಂಟೂವರೆಗೆ ಬಸ್ ಸ್ಟ್ಯಾಂಡ್ ಹತ್ತಿರ ಅರ್ಧ ಗಂಟೆ ನಿಲ್ಲಿ. ಅಂಗಡಿಯವರು ಒಬ್ಬರ ಹತ್ತಿರ ತುಳುವಿನಲ್ಲಿ ಚಿಲ್ಲರೆ ಕೇಳುತ್ತಾರೆ. ಪಕ್ಕದವರಿಗೆ ಮಲಯಾಳದಲ್ಲಿ ಉತ್ತರ, ಫೋನಿನಲ್ಲಿ ಕನ್ನಡ. ಹಿಂದಿನ ಬೆಂಚಿನಲ್ಲಿ ಕೂತವರದು ಹವ್ಯಕ ಕನ್ನಡ. ಕೊಂಕಣಿ, ಮರಾಠಿ, ಬ್ಯಾರಿ ಎಲ್ಲವೂ ಕೇಳುತ್ತದೆ. ಯಾರೂ ಇದನ್ನು ದೊಡ್ಡ ಸಂಗತಿ ಅಂತ ತಿಳಿದಿಲ್ಲ. ಇಂಥ ಪೇಟೆ ನಿಮಗೆ ಬೇರೆ ಎಲ್ಲಿ ಸಿಗುತ್ತದೆ ಹೇಳಿ.

ಇನ್ನೊಂದು, ಕಯ್ಯಾರ ಕಿಞ್ಞಣ್ಣ ರೈಗಳು ಬದುಕಿದ್ದು ಇಲ್ಲೇ ಪೆರಡಾಲದಲ್ಲಿ. ಕವಿ, ಮೇಷ್ಟ್ರು, ಸ್ವಾತಂತ್ರ್ಯ ಹೋರಾಟಗಾರ, ಕೃಷಿಕ, ಬದಿಯಡ್ಕ ಪಂಚಾಯತಿನ ಅಧ್ಯಕ್ಷರೂ ಆಗಿದ್ದವರು. 1915ರ ಜೂನಿನಲ್ಲಿ ಹುಟ್ಟಿ, ನೂರು ತುಂಬಿಸಿ 2015ರ ಆಗಸ್ಟಿನಲ್ಲಿ ಹೋದರು. 1997ರಲ್ಲಿ ಮಂಗಳೂರಿನ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಮಾವ ಮೇಷ್ಟ್ರು ಅಂದಿರಲ್ಲ, ಅವರಿಗೆ ಈ ಹೆಸರು ಗೊತ್ತಿಲ್ಲದೆ ಇರುವುದಿಲ್ಲ.

ಗಡಿನಾಡ ಕನ್ನಡಿಗ
ಕಯ್ಯಾರರ ಹೆಸರು ಬಂದ ಮೇಲೆ ಸುಮ್ಮನಿರಲಿಕ್ಕೆ ಆಗುವುದಿಲ್ಲ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು. 1967ರಲ್ಲಿ ಗಡಿ ವಿವಾದಕ್ಕೆ ನೇಮಿಸಿದ್ದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಹೇಳಿತು. ಬದಿಯಡ್ಕ, ಪೆರ್ಲ, ಕುಂಬಳೆ ಎಲ್ಲ ಆ ಭಾಗದ್ದೇ. ವರದಿ ಕಪಾಟಿನಲ್ಲೇ ಉಳಿಯಿತು. ಈಗ ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡ ಬಾರದ ಮೇಷ್ಟ್ರನ್ನು ಹಾಕಿದರೆ ತಂದೆ ತಾಯಿ ಶಾಲೆಯ ಎದುರು ಕೂರಬೇಕು. ಬರುವ ನೆಂಟರಿಗೆ ಇದನ್ನೂ ಹೇಳಿ. ಕರ್ನಾಟಕದವರಿಗೆ ನಾವು ಇಲ್ಲಿ ಇದ್ದೇವೆ ಅನ್ನುವುದೇ ಮರೆತು ಹೋಗಿದೆ.

ಹೈವೇ ಸವಾರ
ಪ್ರವಾಸ ಕೇಳಿದವರಿಗೆ ಗಡಿ ಗಲಾಟೆ ಯಾಕೆ?

ಗಡಿನಾಡ ಕನ್ನಡಿಗ
ಗಲಾಟೆ ಅಲ್ಲ, ಊರಿನ ಚರಿತ್ರೆ. ಬೇಕಲಕ್ಕೆ ಹೋದರೆ ಇಕ್ಕೇರಿಯ ಶಿವಪ್ಪ ನಾಯಕನ ಕಥೆ ಹೇಳುತ್ತೀರಿ. ಬದಿಯಡ್ಕಕ್ಕೆ ಬಂದರೆ 1956ರ ಕಥೆ ಹೇಳಬಾರದಾ?

ಮುಳ್ಳೇರಿಯ ಹೈಸ್ಕೂಲ್
ನಮ್ಮ ಮನೆ ಮಾತು ಮಲಯಾಳ. ನಾನು ಓದಿದ್ದು ಹತ್ತನೆಯವರೆಗೂ ಕನ್ನಡ ಮಾಧ್ಯಮ. ನನಗೆ ಪತ್ರಿಕೆ ಓದಲಿಕ್ಕೆ, ಲೆಕ್ಕ ಮಾಡಲಿಕ್ಕೆ ಇವತ್ತಿಗೂ ಕನ್ನಡವೇ ಬೇಕು. ನನ್ನಂಥವರು ಇಲ್ಲಿ ತುಂಬಾ ಜನ ಇದ್ದಾರೆ. ಶಾಲೆಗೆ ಕನ್ನಡ ಬಲ್ಲ ಮೇಷ್ಟ್ರು ಬೇಕು ಅಂತ ನಮ್ಮ ಮನೆಯವರೂ ಕೂತಿದ್ದಾರೆ. ಆದ್ದರಿಂದ ಇದನ್ನು ಎರಡು ಭಾಷೆಯ ಜಗಳ ಅಂತ ಬಂದವರಿಗೆ ಹೇಳಬೇಡಿ. ಶಾಲೆಯ ಹಕ್ಕು, ಅಷ್ಟೇ.

ಗಡಿನಾಡ ಕನ್ನಡಿಗ
ಇದು ಸರಿಯಾದ ಮಾತು. ನಿಮ್ಮ ಮನೆಯವರಿಗೆ ನಮಸ್ಕಾರ ಹೇಳಿ.

ಕ್ಯಾಮೆರಾ ಚೀಲ
ನಾನು ಬೆಂಗಳೂರಿನವನು, ಜನವರಿಯಲ್ಲಿ ಅದೇ ಕಡೆ ಬರುತ್ತಿದ್ದೇನೆ. ಎಂಡೋಸಲ್ಫಾನ್ ಕೀಟನಾಶಕದ ಬಾಧೆ ಇದ್ದ ಹಳ್ಳಿಗಳು ಪೆರ್ಲದ ಹತ್ತಿರ ಅಲ್ವಾ? ಅಲ್ಲಿಗೆ ಹೋಗಿ ಫೋಟೋ ತೆಗೆಯಬಹುದಾ?

ಪೆರ್ಲದ ಅಕ್ಕ
ದಯವಿಟ್ಟು ಬೇಡ. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ, ವಾಣಿನಗರದ ಜನ ಕ್ಯಾಮೆರಾಗಳನ್ನು ನೋಡಿ ನೋಡಿ ಸಾಕಾಗಿದ್ದಾರೆ. 1970ರ ದಶಕದ ಕೊನೆಯಿಂದ 2000ದ ತನಕ ಸರ್ಕಾರಿ ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ವಿಷ ಸಿಂಪಡಿಸಿದರು. ಗುಡ್ಡದ ಮೇಲೆ ಗೇರು, ಕೆಳಗೆ ಕಣಿವೆಯಲ್ಲಿ ಮನೆ, ಬಾವಿ, ತೋಡು. ಮೇಲೆ ಬಿದ್ದದ್ದೆಲ್ಲ ಕೆಳಗೆ ಬಂತು. ಯಾಕೆ ಇಷ್ಟು ಮಕ್ಕಳಿಗೆ ಅಂಗವಿಕಲತೆ, ಕಾಯಿಲೆ ಬರುತ್ತಿದೆ ಅಂತ ಮೊದಲು ಕೇಳಿದ್ದು ಇಲ್ಲಿನ ಹಳ್ಳಿಯ ಡಾಕ್ಟರು. ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ. ಸಂತ್ರಸ್ತರಿಗೆ ತಲಾ ಐದು ಲಕ್ಷ ಕೊಡಿ ಅಂತ ಅದೇ ಕೋರ್ಟು ಹೇಳಿದ್ದು 2017ರಲ್ಲಿ. ಅದಕ್ಕೂ ಜನ ಮತ್ತೆ ಮತ್ತೆ ಬೀದಿಗೆ ಬರಬೇಕಾಯಿತು.

ಆ ಮನೆಗಳಲ್ಲಿ ಈಗಲೂ ದೊಡ್ಡವರಾದ ಮಕ್ಕಳನ್ನು ಎತ್ತಿ ಸ್ನಾನ ಮಾಡಿಸುವ ಅಮ್ಮಂದಿರು ಇದ್ದಾರೆ. ಅವರಿಗೂ ವಯಸ್ಸಾಯಿತು. ಸಹಾಯ ಮಾಡುವ ಮನಸ್ಸಿದ್ದರೆ ಅಲ್ಲಿ ಕೆಲಸ ಮಾಡುವವರ ಮೂಲಕ ಹೋಗಿ, ಕ್ಯಾಮೆರಾ ಮನೆಯಲ್ಲಿ ಬಿಟ್ಟು ಹೋಗಿ.

ಕ್ಯಾಮೆರಾ ಚೀಲ
ಅರ್ಥ ಆಯ್ತು ಅಕ್ಕ. ಹೋಗುವುದಿಲ್ಲ.

ಬಸ್ ಕಿಟಕಿ
ಇದೇ ಮಾತಿಗೆ ಸೇರಿದ್ದು. ಪೆರ್ಲ ರಸ್ತೆಯಲ್ಲಿ ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಕಾಣುತ್ತದೆ. 2013ರಲ್ಲಿ ಕಲ್ಲು ಹಾಕಿದ್ದು. 2020ರ ಏಪ್ರಿಲಿನಲ್ಲಿ ಅವಸರದಲ್ಲಿ ಕೋವಿಡ್ ಆಸ್ಪತ್ರೆ ಮಾಡಿದರು. ಆಗ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದರು. ಇಲ್ಲಿನವರಿಗೆ ಏನೇ ಆದರೂ ಮಂಗಳೂರು. ಆಂಬುಲೆನ್ಸ್ ದಾಟಲಿಕ್ಕೆ ಆಗದೆ ಸತ್ತವರಿದ್ದಾರೆ. ನಾಲ್ಕು ರಸ್ತೆ ಇರುವ ಊರಿನಲ್ಲಿ ಒಂದು ರಸ್ತೆ ಮುಚ್ಚಿದರೆ ಏನಾಗುತ್ತದೆ ಅಂತ ಆ ತಿಂಗಳು ನೋಡಿದೆವು.

ಮುರಕಲ್ಲು
ಸುರಂಗದ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ! ಚಿತ್ರದುರ್ಗದ ಕಡೆಯವರು ಬೋರ್‌ವೆಲ್ ಕೊರೆದು ಕೊರೆದು ಸುಸ್ತಾದವರು, ಅವರಿಗೆ ತೋರಿಸಬೇಕಾದ್ದೇ ಇದು. ಪೆರ್ಲ, ಶೇಣಿ, ಬಾಯಾರು ಕಡೆ ಗುಡ್ಡದ ಬದಿಗೆ ಅಡ್ಡಲಾಗಿ ಮುರಕಲ್ಲು ಕೊರೆದು ಒಳಗೆ ಹೋಗುತ್ತಾರೆ. ಒಬ್ಬ ಬಗ್ಗಿ ಹೋಗುವಷ್ಟು ಅಗಲ. ಪಿಕಾಸಿಯಲ್ಲಿ ಅಗೆಯುವುದು, ಮಣ್ಣನ್ನು ಬುಟ್ಟಿಯಲ್ಲಿ ಹಿಂದಕ್ಕೆ ಎಳೆಯುವುದು. ದೀಪ ಉರಿಯುತ್ತಿದ್ದರೆ ಗಾಳಿ ಉಂಟು ಅಂತ ಲೆಕ್ಕ. ದೀಪ ಸಣ್ಣ ಆಯ್ತು ಅಂದರೆ ಹೊರಗೆ ಬರಬೇಕು. ನೀರು ಸಿಕ್ಕಿದರೆ ಪಂಪು ಬೇಡ, ಕರೆಂಟು ಬೇಡ. ಇಳಿಜಾರಿನಲ್ಲಿ ತಾನಾಗಿ ಹರಿದು ಕೆಳಗಿನ ಮದಕಕ್ಕೆ, ಅಂದರೆ ಸಣ್ಣ ಕೆರೆಗೆ ಬರುತ್ತದೆ.

ಗಡಿ ದಾಟಿ ಅಡ್ಯನಡ್ಕಕ್ಕೆ ಹೋದರೆ ಅಮೈ ಮಹಾಲಿಂಗ ನಾಯ್ಕರ ಊರು. ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ತೋಟ ಎಬ್ಬಿಸಿದವರು. ಒಂದರಲ್ಲಿ ನೀರು ಬರಲಿಲ್ಲ, ಇನ್ನೊಂದು ಕೊರೆದರು, ಅದೂ ಒಣ, ಮತ್ತೊಂದು. 2022ರಲ್ಲಿ ಪದ್ಮಶ್ರೀ ಬಂತು.

ಯಾರ ಸುರಂಗಕ್ಕೂ ಕೇಳದೆ ಹೊಕ್ಕಬೇಡಿ. ಅದು ಆ ಮನೆಯ ಕುಡಿಯುವ ನೀರು. ಒಳಗೆ ಬಾವಲಿ, ಹಾವು ಇರುತ್ತವೆ. ಬಾಯಲ್ಲಿ ನಿಂತು ನೋಡಿದರೆ ಸಾಕು, ಮುಖಕ್ಕೆ ಫ್ರಿಜ್ ತೆಗೆದ ಹಾಗೆ ತಣ್ಣಗಿನ ಗಾಳಿ ಬರುತ್ತದೆ.

ಹೈವೇ ಸವಾರ
ಇದು ನಿಜವಾಗಿಯೂ ನನಗೆ ಗೊತ್ತಿರಲಿಲ್ಲ. ನಾನೂ ಒಮ್ಮೆ ನೋಡಬೇಕು. ಆದರೆ ಊಟಕ್ಕೆ ಏನು? ನೀವು ಪೇಟೆಯಲ್ಲಿ ಒಳ್ಳೆ ಊಟ ಸಿಗುತ್ತದೆ ಅಂದರೆ ನಾನು ಒಪ್ಪುವುದಿಲ್ಲ.

ನೀರ್ಚಾಲಿನಿಂದ
ಬೆಳಿಗ್ಗೆ ಬನ್ಸ್, ನೀರುದೋಸೆ. ಸಂಜೆ ಗೋಳಿಬಜೆ. ಮಾಂಸ ತಿನ್ನುವವರಾದರೆ ಪತ್ತಿರಿ ಮತ್ತು ಕೋಳಿ ಸಾರು. ಇನ್ನೇನು ಬೇಕು?

ಪೆರ್ಲದ ಅಕ್ಕ
ಹಲಸಿನ ಹಪ್ಪಳ ಕೇಳಿ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಮಾಡಿ ಡಬ್ಬದಲ್ಲಿ ಇಟ್ಟದ್ದು ಡಿಸೆಂಬರಿಗೂ ಇರುತ್ತದೆ. ತೆಂಗಿನೆಣ್ಣೆಯಲ್ಲೇ ಕಾಯಿಸಬೇಕು. ಬೇರೆ ಎಣ್ಣೆಯಲ್ಲಿ ಕಾಯಿಸಿ "ರುಚಿ ಇಲ್ಲ" ಅಂತ ಹೇಳಿದರೆ ನಾವು ಕೇಳುವುದಿಲ್ಲ.

ತೆಂಕುತಿಟ್ಟು ಪ್ರೇಮಿ
ವಿಟ್ಲದ ಮೂಲಕ ವಾಪಸ್ ಹೋಗುವುದಾದರೆ ಕಲ್ಲಡ್ಕದಲ್ಲಿ ಕೆ.ಟಿ., ಅಂದರೆ ಕಲ್ಲಡ್ಕ ಟೀ ಕುಡಿಯಿರಿ. ಗ್ಲಾಸಿನಲ್ಲಿ ಕೆಳಗೆ ಹಾಲು, ಮೇಲೆ ಡಿಕಾಕ್ಷನ್, ಎರಡೂ ಬೇರೆ ಬೇರೆ ನಿಲ್ಲುತ್ತವೆ.

ಚಾಲಿ ಅಡಿಕೆ
ನೋಡಲಿಕ್ಕೆ ಚಂದ. ಕುಡಿಯಲಿಕ್ಕೆ ಮಾತ್ರ ನಮ್ಮ ಮನೆಯ ಬೆಲ್ಲದ ಕಾಫಿಯೇ ಒಳ್ಳೆಯದು.

ಉಪ್ಪಳದ ಸೊಸೆ
ಮನೆಯಲ್ಲಿ ಎಲ್ಲ ಓದಿ ಹೇಳಿದೆ. ಬೆಳಿಗ್ಗೆ ಅನಂತಪುರ, ಅಲ್ಲಿಂದ ಬದಿಯಡ್ಕ ಪೇಟೆ, ಆಮೇಲೆ ಪೆರ್ಲದ ಕಡೆ ನಮ್ಮ ಪರಿಚಯದವರ ತೋಟ, ಅಲ್ಲೇ ಸುರಂಗ. ಸಂಜೆ ಎಡನೀರಿನ ಮೇಲೆ ಇಳಿಯುವುದು. ಉಳಿಯುವುದು ನಮ್ಮ ಮನೆಯಲ್ಲೇ. ಹಿಂದೆ ಒಮ್ಮೆ ಒಂದು ಲಾಡ್ಜಿನಲ್ಲಿ ಬುಕ್ ಮಾಡಿದ ರೂಮನ್ನು ಬೇರೆಯವರಿಗೆ ಕೊಟ್ಟು ರಾತ್ರಿ ಹತ್ತಕ್ಕೆ ನಮ್ಮನ್ನು ಹೊರಗೆ ನಿಲ್ಲಿಸಿದ್ದರು, ಅಂದಿನಿಂದ ನೆಂಟರನ್ನು ಲಾಡ್ಜಿಗೆ ಕಳಿಸುವ ಧೈರ್ಯ ಇಲ್ಲ. ಒಂದೇ ಪ್ರಶ್ನೆ ಉಳಿದಿದೆ. ಭಾವ ಇಲ್ಲಿಂದ ಅಡಿಕೆ ಸಸಿ ಒಯ್ಯಬೇಕು ಅನ್ನುತ್ತಿದ್ದಾರೆ. ತೋಟದಲ್ಲಿ ಕೇಳಿದರೆ ಕೊಡುತ್ತಾರಾ?

ಪೆರಡಾಲದವ
ಕೊಡುತ್ತಾರೆ. ದುಡ್ಡು ಸಹ ತೆಗೆದುಕೊಳ್ಳಲಿಕ್ಕಿಲ್ಲ.

ಚಾಲಿ ಅಡಿಕೆ
ಹಾಗೆ ಸುಲಭಕ್ಕೆ ಹೇಳಬೇಡಿ. ಸುಳ್ಯ, ಸಂಪಾಜೆ ಕಡೆಯ ತೋಟಗಳು ಹಳದಿ ಎಲೆ ರೋಗದಲ್ಲಿ ಹೇಗೆ ಹೋದವು ಅಂತ ನೋಡಿದ್ದೇವೆ. ಅದಕ್ಕೆ ಮದ್ದು ಇಲ್ಲ. ಈಗ ಎಲೆಚುಕ್ಕಿ ಬೇರೆ ಶುರುವಾಗಿದೆ. ನೋಡಲಿಕ್ಕೆ ಹಸಿರಾಗಿರುವ ಸಸಿಯಲ್ಲೂ ರೋಗ ಇರಬಹುದು. ಭಾವನಿಗೆ ಸಸಿ ಬೇಕೇ ಬೇಕು ಅಂದರೆ ವಿಟ್ಲದಲ್ಲಿ ತೋಟದ ಬೆಳೆಗಳ ಸಂಶೋಧನೆ ಮಾಡುವ ಸಿಪಿಸಿಆರ್‌ಐ ಕೇಂದ್ರದಲ್ಲಿ ಮೊದಲೇ ಫೋನ್ ಮಾಡಿ ವಿಚಾರಿಸಲಿ. 1956ರಿಂದ ಅಲ್ಲಿ ಅಡಿಕೆಯದ್ದೇ ಕೆಲಸ, 'ಮಂಗಳ' ತಳಿ ಬಂದದ್ದು ಅಲ್ಲಿಂದಲೇ. ಆದರೆ ಹಣ್ಣಡಿಕೆಗೆ ಹೊಂದುವ ತಳಿ ಕೆಂಪಡಿಕೆ ಮಾಡುವವರಿಗೆ ಹೊಂದುತ್ತದಾ ಅಂತ ಅಲ್ಲೇ ಕೇಳಿಕೊಳ್ಳಬೇಕು. ಅವರ ನೀರು, ಅವರ ಮಣ್ಣು ಬೇರೆ.

ಮುರಕಲ್ಲು
ಮಂಗಳ ಗಿಡ್ಡ, ಬೇಗ ಫಲ ಕೊಡುತ್ತದೆ. ನಮ್ಮ ಹಳೇ ಊರ ತಳಿಯ ಬಾಳಿಕೆ ಮಾತ್ರ ಅದಕ್ಕೆ ಇಲ್ಲ.

ಚಾಲಿ ಅಡಿಕೆ
ಬಾಳಿಕೆ ನೋಡಿಕೊಳ್ಳುವವರ ಮೇಲೆ. ನಮ್ಮ ಅಜ್ಜ ನೆಟ್ಟ ಊರ ತಳಿ ಇವತ್ತಿಗೂ ಇದೆ, ನಾವು ನೆಟ್ಟ ಮಂಗಳವೂ ಇದೆ. ಡಿಸೆಂಬರಿನಲ್ಲಿ ಬಂದಾಗ ಎರಡೂ ತೋರಿಸುತ್ತೇನೆ. ಭಾವ ಮರ ನೋಡಿ ತೀರ್ಮಾನ ಮಾಡಲಿ.